ಹನ್ನೆರಡು ವರ್ಷದ ಸೊಗಡು

ಆ ಊರಿನ ಬಸ್ ನಿಲ್ದಾಣದಲ್ಲಿ ಇಳಿದಾಗ ನನ್ನ ಕೈಯಲ್ಲಿ ಅವರೆಕಾಯಿ ತುಂಬಿದ ಒಂದು ಬಟ್ಟೆ ಚೀಲವಿತ್ತು, ಜೇಬಿನಲ್ಲಿ ಹನ್ನೆರಡು ವರ್ಷ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯಿತ್ತು. ಜನವರಿಯದು. ಹದಿನೆಂಟನೇ ತಾರೀಖಿಗೆ ನಾನೇ ಪೆನ್ನಿನಲ್ಲಿ ಸುತ್ತು ಹಾಕಿದ್ದೆ. ಇವತ್ತೂ ಹದಿನೆಂಟೇ. ಗಂಟೆ ಒಂಬತ್ತೂವರೆ. ನನ್ನ ಹೆಂಡತಿ ಇಂದ್ರಾಣಿ ಅವತ್ತು ಇದೇ ಊರಲ್ಲಿ ಸ್ಟೌ ಹಚ್ಚಿದ್ದು ಹನ್ನೆರಡರ ಹೊತ್ತಿಗೆ. ಇನ್ನೂ ಬೇಕಾದಷ್ಟು ಸಮಯವಿದೆ ಎಂದು ಸಮಾಧಾನ ಮಾಡಿಕೊಂಡು ಎದುರಿನ ಚಹಾ ಅಂಗಡಿಗೆ ಹೋಗಿ ಕೂತೆ.

ಅಂಗಡಿಯಲ್ಲಿ ಚಹಾ ಮತ್ತು ಬನ್ಸ್ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಒಳಗೆಲ್ಲ ಬಿಸಿ ಜಿಲೇಬಿಯ ವಾಸನೆ. ಇಬ್ಬರು ಮುದುಕರು ಬರೀ ಚಹಾ ಕುಡಿಯುತ್ತ, ಕಣ್ಣು ಅರೆಮುಚ್ಚಿ, ಜಿಲೇಬಿಯನ್ನು ಮೂಗಿನಲ್ಲೇ ತಿನ್ನುತ್ತಿದ್ದರು. ಒಬ್ಬರಿಗೆ ಸಕ್ಕರೆ ಕಾಯಿಲೆಯಂತೆ, ದಿನಾ ಬಂದು ಕೂರುತ್ತಾರಂತೆ. ಅಂಗಡಿಯವನು ಹೇಳಿದ, ಹನ್ನೆರಡು ವರ್ಷದ ಹಿಂದೆ ಇದು ಮಿಠಾಯಿ ಅಂಗಡಿಯಾಗಿತ್ತು, ಇನ್ನು ಎರಡು ತಿಂಗಳು ಹೋದರೆ ಆ ವಾಸನೆ ನಿಲ್ಲುತ್ತದೆ, ಮಿಠಾಯಿಯವನ ನಂತರ ಇಲ್ಲಿ ಸೈಕಲ್ ರಿಪೇರಿಯವನು ಇದ್ದ, ಹಾಗಾಗಿ ನನ್ನ ವ್ಯಾಪಾರ ಬಿದ್ದುಹೋಗುತ್ತದೆ ಎಂದು. ನಾನು ತಲೆಯಾಡಿಸಿದೆ. ಆ ಜಿಲೇಬಿಯನ್ನು ನಾನೂ ತಿಂದಿದ್ದೆ. ಅದನ್ನು ಅವನಿಗೆ ಹೇಳದೆ ಚಹಾ ಮುಗಿಸಿದೆ.

ಆ ಊರು ಇರುವುದೇ ಹಾಗೆ. ಒಲೆಯ ಮೇಲೆ ಬೆಂದದ್ದರ ವಾಸನೆ ಹನ್ನೆರಡು ವರ್ಷಕ್ಕೆ ಸರಿಯಾಗಿ, ಬೆಂದ ಜಾಗದಲ್ಲೇ, ಇನ್ನೊಂದು ಸಲ ಬರುತ್ತದೆ. ಅಲ್ಲಿನವರಿಗೆ ಅದು ಉಬ್ಬರ ಇಳಿತದಷ್ಟೇ ಮಾಮೂಲು. ಬಾಡಿಗೆಗೆ ಮನೆ ನೋಡುವವರು ನೀರು ಹೇಗೆ, ಗಾಳಿ ಹೇಗೆ ಎಂದು ಕೇಳುವುದಕ್ಕಿಂತ ಮುಂಚೆ ಹನ್ನೆರಡು ವರ್ಷದ ಹಿಂದೆ ಯಾರಿದ್ದರು ಎಂದು ಕೇಳುತ್ತಾರೆ. ಮೀನು ಮುಟ್ಟದ ಒಂದು ಸಂಸಾರ ಕೇಳದೆ ಮನೆ ಹಿಡಿದು, ಮಧ್ಯಾಹ್ನವೆಲ್ಲ ಸಮುದ್ರದ ದಂಡೆಯಲ್ಲಿ ಬುತ್ತಿ ಬಿಚ್ಚುತ್ತಿದ್ದುದನ್ನು ಹಿಂದಿನ ಸಲ ಬಂದಾಗ ನಾನೇ ಕಂಡಿದ್ದೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಊಟದ ಹೊತ್ತಿಗೇ ಬಂದು ಅಡಿಗೆಮನೆ ಬಾಗಿಲಲ್ಲಿ ನಿಲ್ಲುತ್ತಾರೆ. ಈಗಿನ ಜಂಬ ಎಷ್ಟು ಬೇಕಾದರೂ ತೋರಿಸಬಹುದು, ಆಗ ಬರೀ ಗಂಜಿ ಕುದಿಯುತ್ತಿದ್ದುದನ್ನು ಯಾರು ಮುಚ್ಚಿಟ್ಟಾರು?

ನಾನು ಮೂವತ್ತೊಂದು ವರ್ಷ ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ದುಡಿದವನು. ಬಯಲುಸೀಮೆಯ ಊರು ನಮ್ಮದು. ಆಗಸ್ಟಿನಿಂದ ಡಿಸೆಂಬರ್ ಕೊನೆಯವರೆಗೆ ಉಸಿರಾಡಲು ಬಿಡುವಿಲ್ಲ, ಜನವರಿ ಬಂದರೆ ನೊಣ ಹೊಡೆಯುವ ಕೆಲಸ. ನನ್ನ ಪಾಲಿಗೆ ಇದ್ದದ್ದು ದೊಡ್ಡ ಅಂಕಿಗಳು. ಭಾನುವಾರ ಕೆಂಪು, ಮಿಕ್ಕಿದ್ದು ಕಪ್ಪು. ಅಂಕಿಯ ಕೆಳಗಿನ ಸಣ್ಣ ಅಕ್ಷರದ ತಿಥಿ, ನಕ್ಷತ್ರಗಳನ್ನು ಒಬ್ಬ ಜೋಯಿಸರು ನೋಡಿಕೊಳ್ಳುತ್ತಿದ್ದರು. ಅವರ ಕೆಲಸಕ್ಕೆ ನಾನು ಕೈ ಹಾಕಿದವನೂ ಅಲ್ಲ, ಕಣ್ಣು ಹಾಯಿಸಿದವನೂ ಅಲ್ಲ. ಅಂಥ ಒಂದು ಜನವರಿಯಲ್ಲಿ ಇಂದ್ರಾಣಿ, ಮದುವೆಯಾಗಿ ಇಪ್ಪತ್ನಾಲ್ಕು ವರ್ಷ ಆಯ್ತು, ಒಂದು ಸಲ ಸಮುದ್ರ ತೋರಿಸಿ ಎಂದು ಹಟ ಹಿಡಿದಳು. ಹಟ ಎಂದರೆ ಹಟವೇ. ಕೊನೆಗೆ ಬಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಹೋಗೋಣ ಎಂದು ಹೊರಟೆವು. ಅದು ಈ ಊರಿನಲ್ಲಿ ನಿಂತಿತು.

ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಪದ್ದಕ್ಕ ಎಂಬ ಮುದುಕಿಯ ಮನೆಯ ಅಟ್ಟದ ಕೋಣೆ ಸಿಕ್ಕಿತು. ಎಂಟು ದಿನ ಇದ್ದೆವು. ಮೊದಲ ಮಧ್ಯಾಹ್ನವೇ, ಒಲೆಯೇ ಇಲ್ಲದ ಆ ಕೋಣೆಯಲ್ಲಿ ಏಡಿ ಸಾರಿನ ವಾಸನೆ ಎದ್ದಿತು. ಇಂದ್ರಾಣಿ ಗಾಬರಿಯಾಗಿ ಮಂಚದ ಕೆಳಗೆಲ್ಲ ನೋಡಿದಳು. ಪದ್ದಕ್ಕ ಮೆಟ್ಟಿಲ ಮೇಲಿಂದಲೇ, ಅದು ಹಿಂದಿನದ್ದು, ನಮ್ಮ ನಾದಿನಿ ಬಾಣಂತನಕ್ಕೆ ಬಂದಿದ್ದಾಗಿನದ್ದು, ಸ್ವಲ್ಪ ಹೊತ್ತಿಗೆ ಹೋಗ್ತದೆ ಎಂದು ಹೇಳಿ ತನ್ನ ಕೆಲಸಕ್ಕೆ ಹೋದಳು. ಸಂಜೆ ನೋಡಿದರೆ ಅದೇ ಮುದುಕಿ ಅದೇ ಕೋಣೆಯ ಮೂಲೆಗೆ ಸೀಮೆಎಣ್ಣೆ ಸ್ಟೌ ತಂದಿಟ್ಟು, ನಮ್ಮ ಅಪ್ಪಣೆಯನ್ನೂ ಕೇಳದೆ ಏಡಿ ಸಾರು ಕುದಿಸುತ್ತಿದ್ದಳು. ನಾದಿನಿ ತೀರಿಹೋಗಿದ್ದಳಂತೆ. ತೀರಿಹೋದವರ ಕೈಯ ವಾಸನೆ ಬಂದರೆ, ಇಲ್ಲವೇ ಬಂದುಹೋದ ನೆಂಟರ ಕೈಯದು ಬಂದರೆ, ದೀಪ ಹಚ್ಚುವ ಮುಂಚೆ ಅದನ್ನೇ ಅದೇ ಜಾಗದಲ್ಲಿ ಮತ್ತೆ ಬೇಯಿಸಬೇಕು. ಹಾಗೆ ಮಾಡಿದರೆ ಇನ್ನೊಂದು ಹನ್ನೆರಡು ವರ್ಷ ಅವರು ಇದ್ದ ಹಾಗೆ. ಆ ಊರಿನ ಕೆಲವು ಮನೆಗಳಲ್ಲಿ, ಈಗ ಯಾರೂ ಬೆಳೆಯದ ಅಕ್ಕಿಯ ಗಂಜಿ ವಾಸನೆಯನ್ನು ಮುತ್ತಜ್ಜಿಯರ ಕಾಲದಿಂದ ಹೀಗೆ ದಾಟಿಸಿಕೊಂಡು ಬಂದಿದ್ದಾರಂತೆ. ಇಂದ್ರಾಣಿ ಬಾಯಿ ಬಿಟ್ಟುಕೊಂಡು ಕೇಳಿದಳು. ನನಗೆ ಮಾತ್ರ ಆ ತೆಂಗಿನೆಣ್ಣೆಯ ವಾಸನೆಗೆ ತಲೆನೋವು ಬಂದಿತ್ತು.

ಹೌದು, ನಾನು ಅಂಥವನೇ. ಎರಡು ದಿನದೊಳಗೆ ಅಲ್ಲಿನ ಊಟಕ್ಕೆಲ್ಲ ಹೆಸರಿಟ್ಟು ಮುಗಿಸಿದ್ದೆ. ಅಕ್ಕಿ ದಪ್ಪ, ಸಾರಿಗೆ ಕಾಯಿ ಜಾಸ್ತಿ, ಎಲ್ಲದಕ್ಕೂ ತೆಂಗಿನೆಣ್ಣೆ. ಇಂದ್ರಾಣಿಗೆ ನನ್ನ ಬಾಯಿ ಗೊತ್ತಿದ್ದುದರಿಂದ ಊರಿನಿಂದ ಬರುವಾಗಲೇ ಅವರೆಕಾಯಿ, ಮಸಾಲೆ ಪುಡಿ ಕಟ್ಟಿಕೊಂಡು ಬಂದಿದ್ದಳು. ಮೂರನೇ ದಿನ ಪದ್ದಕ್ಕನ ಸ್ಟೌ ಕೇಳಿ ತಂದು, ಅರ್ಧದಷ್ಟು ಕಾಳು ಬಿಡಿಸಿ, ಸಾರಿಗಿಟ್ಟಳು. ಸೊಗಡಿನ ಕಾಲ. ಘಮ ಏಳುತ್ತಿದ್ದ ಹಾಗೆ ನನ್ನ ಮೈಗೆ ಜೀವ ಬಂತು. ಕಿಟಕಿಯ ಹತ್ತಿರ ಕೂತಿದ್ದವನಿಗೆ ಅಳಿವೆಯಲ್ಲಿ ಬೆಳ್ಳಿ ಬಣ್ಣದ ಮೀನುಗಳು ಗುಂಪುಗುಂಪಾಗಿ ನೀರಿಂದ ಮೇಲೆ ಹಾರುವುದು ಕಂಡಿತು. ಬಾರೇ ಇಲ್ಲಿ, ಬೇಗ ಬಾ ಎಂದು ಕೂಗಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು. ನಿಂತವಳು ನಿಂತೇಬಿಟ್ಟಳು. ಅಷ್ಟು ಹೊತ್ತು ಅವಳು ಸುಮ್ಮನೆ ನಿಂತದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಸಾರು ತಳಹಿಡಿದು ಸೀದುಹೋಯಿತು. ಕರೆದವನು ನಾನು. ಆದರೂ ಬೈದದ್ದು ನಾನೇ. ಇಷ್ಟು ದೂರ ಹೊತ್ತುಕೊಂಡು ಬಂದು ಸುಟ್ಟು ಹಾಕಿದೆಯಲ್ಲ, ಒಂದು ಒಲೆ ನೋಡಿಕೊಳ್ಳಲು ಬರುವುದಿಲ್ಲವೇ ಎಂದು ಇನ್ನೂ ಏನೇನೋ ಅಂದೆ. ತಟ್ಟೆ ತಳ್ಳಿ, ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದವರೆಗೆ ಹೋಗಿ, ಮಿಠಾಯಿ ಅಂಗಡಿಯಲ್ಲಿ ಕೂತು ನಾಲ್ಕು ಬನ್ಸ್, ಒಂದು ತಟ್ಟೆ ಜಿಲೇಬಿ ತಿಂದೆ. ಅಲ್ಲೇ ಪೇಪರ್ ಓದುತ್ತ ಹೊತ್ತು ಕಳೆದೆ. ವಾಪಸು ಬಂದಾಗ ನಾಲ್ಕು ಗಂಟೆ. ಇಂದ್ರಾಣಿ ಗೋಡೆಗೆ ಒರಗಿ ಕೂತಿದ್ದಳು.

"ಊಟ ಬಡಿಸ್ಲಾ?" ಎಂದು ಕೇಳಿದಳು.

"ನಂಗೆ ಹಸಿವಿಲ್ಲ" ಅಂದೆ. ಆ ಸೀದದ್ದನ್ನು ನನಗೆ ಬಡಿಸುತ್ತಾಳಂತೆ ಎಂದು ಮನಸ್ಸಿನಲ್ಲೇ ಇನ್ನೊಂದು ಸಲ ಸಿಟ್ಟು ಮಾಡಿಕೊಂಡು ಗೋಡೆ ಕಡೆ ತಿರುಗಿ ಮಲಗಿದೆ. ಸಂಜೆ ಎದ್ದಾಗ ಪಾತ್ರೆಗಳು ತೊಳೆದು ಬೋರಲು ಹಾಕಿದ್ದವು. ಕೆಳಗೆ ಇಳಿದರೆ ಪದ್ದಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಹೆಂಡತಿ ಕೈಯ ರುಚಿ ಭಾರೀ ಒಳ್ಳೆದುಂಟು ಎಂದಳು. ಮುದುಕಿ ಚುಚ್ಚುತ್ತಿದ್ದಾಳೆ ಎಂದುಕೊಂಡೆ. ಊರಿಗೆ ವಾಪಸು ಹೋಗುವಾಗ ಬಸ್ಸಿನಲ್ಲಿ ಇಂದ್ರಾಣಿಯೇ ನಗಾಡಿದಳು. ಹನ್ನೆರಡು ವರ್ಷ ಆದ್ಮೇಲೆ ನನ್ನ ಸೀದ ಸಾರು ಕೇರಿಗೆಲ್ಲ ಗೊತ್ತಾಗುತ್ತೆ, ಆಗ ಇಬ್ಬರೂ ಬಂದು ಮೂಸೋಣ, ಏನಂತೀರಿ ಎಂದಳು. ನೋಡೋಣ ಎಂದೆ. ಮನೆಗೆ ಬಂದ ಮೇಲೆ ಅವಳೇ ಪೆನ್ನು ಕೊಟ್ಟು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಸಿದಳು.

ಇಂದ್ರಾಣಿ ಹೋಗಿ ಆರು ವರ್ಷವಾಯಿತು. ಮೂರೇ ದಿನದ ಜ್ವರ. ಅವಳ ಮಸಾಲೆ ಡಬ್ಬಿಯನ್ನು ಮೊದಲ ವರ್ಷ ದಿನಕ್ಕೊಮ್ಮೆ ತೆಗೆದು ಮೂಸುತ್ತಿದ್ದೆ. ತೆಗೆದು ತೆಗೆದು ಅದೂ ಬರೀ ತಗಡಿನ ವಾಸನೆ ಹೊಡೆಯತೊಡಗಿತು. ಹೋಟೆಲಿನಲ್ಲಿ ತಿಂದೆ, ತಂಗಿಯ ಮನೆಯಲ್ಲಿ ತಿಂದೆ, ಎಲ್ಲಿಯೂ ಆ ಸಾರು ಸಿಗಲಿಲ್ಲ. ಅವಳ ಕೈಯದು ಅಂತ ಈ ಭೂಮಿಯ ಮೇಲೆ ಉಳಿದಿದ್ದರೆ ಅದು ಈ ಊರಿನ ಅಟ್ಟದ ಮೇಲೆ, ಒಂದೇ ಒಂದು ಮಧ್ಯಾಹ್ನ, ಅದೂ ಸೀದದ್ದು. ಸೀದದ್ದೇ ಆಗಲಿ, ನನಗೆ ಅದು ಬೇಕಿತ್ತು. ಮೂಗಿನ ತುಂಬ ಎಳೆದುಕೊಂಡು, ತಪ್ಪಾಯಿತು ಕಣೇ ಎಂದು ಹೇಳಿ ಬರಬೇಕು ಎಂದು ಹೊರಟಿದ್ದೆ.

ಚಹಾ ಅಂಗಡಿಯಿಂದ ಅಳಿವೆಗೆ ನಡೆದು ಬಂದರೆ ಮನೆ ಹಾಗೆಯೇ ಇತ್ತು. ಪದ್ದಕ್ಕ ಇರಲಿಲ್ಲ, ಏಳು ವರ್ಷದ ಹಿಂದೆ ತೀರಿಕೊಂಡಳಂತೆ. ಅವಳ ಸೊಸೆ ವಾರಿಜ ಜಗಲಿಯಲ್ಲಿ ಬಲೆ ಹೊಲಿಯುತ್ತ ಕೂತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು, ಬಾಯಲ್ಲಿ ದಾರ ಕಚ್ಚಿಕೊಂಡೇ ಮಾತಾಡುವವಳು. ಗಂಡ ದೋಣಿಗೆ ಹೋಗಿದ್ದ. ಹೆಂಡತಿಯ ಸಾರು ಮೂಸಲು ಬಂದೆ ಎಂದು ಹೇಳಲು ನಾಚಿಕೆಯಾಗಿ, ಬಾಡಿಗೆಗೆ ಅಟ್ಟದ ಕೋಣೆ ನೋಡಬೇಕಿತ್ತು ಎಂದು ಸುಳ್ಳು ಹೇಳಿದೆ. ಅದರಲ್ಲಿ ಬಲೆ, ತೆಂಗಿನಕಾಯಿ ತುಂಬಿದ್ದೇವೆ, ಕೊಡುವುದಿಲ್ಲ ಎಂದಳು. ಆದರೂ ಸುಮ್ಮನೆ ನೋಡುತ್ತೇನೆ ಎಂದು ಹತ್ತಿಬಿಟ್ಟೆ. ಅವಳು ಏನಂದುಕೊಂಡಳೋ.

ಕಿಟಕಿಯ ಪಕ್ಕ ಒಂದು ತೆಂಗಿನಕಾಯಿ ರಾಶಿಯ ಮೇಲೆ ಕೂತೆ. ಹನ್ನೆರಡಾಯಿತು. ಮೂಗರಳಿಸಿದೆ. ಬಲೆಯ ಉಪ್ಪು ವಾಸನೆ. ಹನ್ನೆರಡೂ ಕಾಲಾಯಿತು. ಸೀಮೆಎಣ್ಣೆಯದಾದರೂ ಬರಬೇಕಲ್ಲ? ಇಲ್ಲ. ಮೂಲೆಗೆ ಹೋಗಿ ಬಗ್ಗಿ ಮೂಸಿದೆ, ಗೋಡೆಗೆ ಮೂಗು ಹಚ್ಚಿ ಮೂಸಿದೆ. ಒಂದು ಗಂಟೆಯಾಯಿತು. ನನ್ನ ಮೂಗೇ ಕೆಟ್ಟಿದೆಯೋ ಎಂದು ಚೀಲದ ಅವರೆಕಾಯಿ ತೆಗೆದು ಮೂಸಿದೆ. ಅದು ಚೆನ್ನಾಗಿಯೇ ಘಮಗುಟ್ಟಿತು. ಕೋಣೆ ಮಾತ್ರ ಏನನ್ನೂ ಕೊಡಲಿಲ್ಲ. ಒಂದೂವರೆಗೆ ವಾರಿಜ ಮೆಟ್ಟಿಲ ತುದಿಗೆ ಬಂದು ನಿಂತಾಗ ನಾನು ಗೋಡೆಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎಲ್ಲ ಹೇಳಿದೆ. ಕ್ಯಾಲೆಂಡರ್ ಹಾಳೆ ತೆಗೆದು ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು, ನನ್ನ ಪೆನ್ನಿನ ಸುತ್ತಿನೊಳಗಿನ ದೊಡ್ಡ ಅಂಕಿಯನ್ನು ಬಿಟ್ಟು, ಅದರ ಕೆಳಗಿನ ಸಣ್ಣ ಅಕ್ಷರವನ್ನು ಓದಿದಳು.

"ನೀವು ತಾರೀಕು ನೋಡಿ ಬಂದದ್ದಾ?" ಎಂದಳು. "ಸಮುದ್ರಕ್ಕೆ ತಾರೀಕು ಗೊತ್ತುಂಟಾ ಮಾರಾಯ್ರೆ? ನಮ್ಮಲ್ಲಿ ಎಲ್ಲ ತಿಥಿ ಲೆಕ್ಕ. ಇಲ್ಲಿ ನೋಡಿ, ಪುಷ್ಯ ಶುದ್ಧ ಷಷ್ಠಿ ಅಂತ ಉಂಟು. ಷಷ್ಠಿ ಹೋಗಿ ಹನ್ನೆರಡು ದಿನ ಆಯ್ತು."

ಮೂವತ್ತೊಂದು ವರ್ಷ ನಾನೇ ಅಚ್ಚು ಹಾಕಿದ ಹಾಳೆ. ನನ್ನ ಕೈಯಿಂದ ಆ ಸಣ್ಣ ಅಕ್ಷರ ಎಷ್ಟು ಲಕ್ಷ ಸಲ ದಾಟಿಹೋಗಿತ್ತೋ. ಒಂದು ದಿನವೂ ಓದಲಿಲ್ಲ. ಪದ್ದಕ್ಕ ಹನ್ನೆರಡು ವರ್ಷ ಎಂದಾಗ, ಯಾವ ಲೆಕ್ಕದಲ್ಲಿ ಎಂದು ಕೇಳಲಿಲ್ಲ. ಕೇಳುವ ಅಭ್ಯಾಸವೇ ನನಗಿರಲಿಲ್ಲ. ನೆಲದ ಮೇಲೆ ಹಾಗೆಯೇ ಕೂತುಬಿಟ್ಟೆ. ಆರು ವರ್ಷ ಕಾದಿದ್ದೆ, ಹನ್ನೆರಡು ದಿನದಲ್ಲಿ ತಪ್ಪಿಹೋಯಿತು. ನಾಚಿಕೆ ಬಿಟ್ಟು ಅತ್ತೆ.

ವಾರಿಜ ಕೆಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟು ಎದುರಿಗೆ ಕೂತಳು. ಹನ್ನೆರಡು ದಿನದ ಹಿಂದೆ, ಷಷ್ಠಿಯ ದಿನ, ಅವಳು ಇಲ್ಲೇ ಬಲೆ ಹೊಲಿಯುತ್ತಿದ್ದಳಂತೆ. ಸೀದ ವಾಸನೆ ಬಂದಾಗ ಬಲೆಗೇ ಬೆಂಕಿ ಬಿತ್ತೆಂದು ಹೌಹಾರಿ, ಆಮೇಲೆ ಇದು ಹಿಂದಿನದ್ದು ಎಂದು ಗೊತ್ತಾಯಿತಂತೆ. ಮನೆಯವರ ಕೈಯದಲ್ಲ, ನೆಂಟರದ್ದು, ಹಾಗಾಗಿ ಸಂಜೆಯೊಳಗೆ ಮರಳಿ ಮಾಡಲೇಬೇಕು. ಆದರೆ ಯಾವ ಬೀಜ ಎಂದು ತಿಳಿಯಲಿಲ್ಲ. ಸಿಕ್ಕಿದ ಅಲಸಂಡೆ ಬೀಜವನ್ನೇ ಹಾಕಿದಳಂತೆ. ಜೊತೆಗೆ ಒಂದು ಸೊಪ್ಪಿನ ವಾಸನೆ ಇತ್ತು, ಅದನ್ನು ಮೂಗಿನಲ್ಲಿಟ್ಟುಕೊಂಡು ತರಕಾರಿ ಅಂಗಡಿಗೆ ಹೋಗಿ ಒಂದೊಂದೇ ಕಟ್ಟು ಮೂಸಿ ಕಂಡುಹಿಡಿದಳಂತೆ. ಸಬ್ಬಸಿಗೆಯಂತೆ. ಮೂವತ್ತು ವರ್ಷ ಉಂಡಿದ್ದೇನೆ, ಅದರಲ್ಲಿ ಸಬ್ಬಸಿಗೆ ಇತ್ತೆಂದು ನನಗೆ ಗೊತ್ತಿರಲಿಲ್ಲ. ಆ ಘಮವೆಲ್ಲ ಅವರೆಯದೇ ಎಂದುಕೊಂಡಿದ್ದೆ.

ಸೀದ ಸಾರನ್ನು ಬೇಕೆಂದೇ ಸೀಯಿಸಿ ಮಾಡಿದೆ, ಗಂಡ ನೋಡಿ ನಗಾಡಿದರು ಎಂದು ವಾರಿಜ ಹೇಳಿದಳು. ನಾನೂ ಅಳುವಿನ ನಡುವೆ ನಕ್ಕೆ. ಆಗ ಅವಳು ಬಲೆಯ ಎಳೆಯೊಂದನ್ನು ಬಿಡಿಸುತ್ತ, ಎರಡನೆಯದ್ದು ಮಾಡುವಾಗ ಮಾತ್ರ ಖುಷಿಯಾಯಿತು, ಅದು ಒಳ್ಳೆಯದಿತ್ತಲ್ಲ ಎಂದಳು.

"ಎರಡನೆಯದು ಯಾವುದಮ್ಮ?" ಎಂದೆ.

"ನಿಮ್ಗೆ ಗೊತ್ತಿಲ್ವಾ?" ಎಂದು ಅವಳು ತಲೆಯೆತ್ತಿ ನೋಡಿದಳು. "ಒಂದು ಗಂಟೆಗೆ ಸೀದದ್ದು ಬಂತು. ಎರಡೂವರೆಗೆ ಪುನಃ ಅದೇ ಸಾರು, ಸೀಯದೆ. ಅದೇ ಬೀಜ, ಅದೇ ಸೊಪ್ಪು. ಮತ್ತೆ ಮೂರಕ್ಕೆ ಒಮ್ಮೆ ಬಿಸಿ ಮಾಡಿದ್ದು, ಮೂರೂವರೆಗೆ ಒಮ್ಮೆ, ನಾಲ್ಕಕ್ಕೆ ಒಮ್ಮೆ. ಆರಿದ ಸಾರು ಬಿಸಿ ಮಾಡಿದ್ರೆ ಬೇರೆ ವಾಸನೆ, ನಮ್ಗೆ ಗೊತ್ತಾಗ್ತದೆ. ಯಾರಿಗೋ ಕಾಯ್ತಾ ಇದ್ರು ಅಂತ ಗ್ರಹಿಸಿದೆ. ನಾನೂ ಹಾಗೇ ಮಾಡಿದೆ, ಮೂರು ಸಲ ಬಿಸಿ ಮಾಡಿ ಇಟ್ಟೆ."

ಇಂದ್ರಾಣಿ ಅವತ್ತು ಮಿಕ್ಕ ಅರ್ಧ ಕಾಳನ್ನು ಬಿಡಿಸಿ, ಸೀದ ಪಾತ್ರೆ ಉಜ್ಜಿ, ಮತ್ತೆ ಮೊದಲಿನಿಂದ ಮಾಡಿದ್ದಳು. ನಾನು ಜಿಲೇಬಿ ತಿಂದು ಪೇಪರ್ ಓದುತ್ತಿದ್ದಾಗ. ಊಟ ಬಡಿಸಲಾ ಎಂದು ಕೇಳಿದ್ದು ಆ ಎರಡನೆಯದನ್ನು. ಹಸಿವಿಲ್ಲ ಅಂದ ಮೇಲೆ ಅದನ್ನು ಕೆಳಗೆ ಒಯ್ದು ಪದ್ದಕ್ಕನಿಗೆ ಕೊಟ್ಟಿರಬೇಕು. ಮುದುಕಿ ಚುಚ್ಚಿದ್ದಲ್ಲ, ಉಂಡು ಹೇಳಿದ್ದು. ಬಸ್ಸಿನಲ್ಲಿ ನಗುತ್ತ ಸೀದದ್ದರ ಮಾತನ್ನಷ್ಟೇ ಆಡಿದಳಲ್ಲ, ಇನ್ನೊಂದರ ಮಾತನ್ನು ಸಾಯುವವರೆಗೂ ಎತ್ತಲಿಲ್ಲ. ಬಂದು ಮೂಸೋಣ ಎಂದದ್ದು ಅದಕ್ಕೇ ಇರಬೇಕು. ಅಷ್ಟು ವರ್ಷ ತಾಳಿಕೊಂಡು, ವಾಸನೆಯೇ ನನಗೆ ಹೇಳಲಿ ಎಂದು ಬಿಟ್ಟಿದ್ದಳೋ ಏನೋ. ಅದು ಹೇಳುವ ದಿನಕ್ಕೂ ನಾನು ಬರಲಿಲ್ಲ.

ಚೀಲ ಎತ್ತಿ ವಾರಿಜಳ ಮುಂದೆ ಸುರಿದೆ. ಅವಳು ಒಂದು ಕಾಯಿ ಸೀಳಿ ಮೂಗಿಗೆ ಹಿಡಿದಳು. ಅವಳ ಮುಖ ಅರಳಿತು. ಇದೇ, ಇದೇ ಬೀಜ ಎಂದು ಇನ್ನೊಂದು ಸೀಳಿದಳು. ನಾನು ಮಾಡುತ್ತೇನೆ ಎಂದೆ. ಅಡಿಗೆ ಬರುತ್ತದೆಯೇ ಎಂದು ಕೇಳಿದಳು. ಚಹಾ ಕೂಡ ಸರಿಯಾಗಿ ಬರುವುದಿಲ್ಲ ಎಂದು ನಿಜ ಹೇಳಿದೆ. ಅವಳು ನಕ್ಕು, ಸ್ಟೌ ತಂದು ಅದೇ ಮೂಲೆಗಿಟ್ಟು, ಅಂಗಡಿಗೆ ಹೋಗಿ ಸಬ್ಬಸಿಗೆ, ಮಸಾಲೆ ಸಾಮಾನು ತಂದಳು. ನಾನು ಕಾಳು ಬಿಡಿಸಿದೆ, ಈರುಳ್ಳಿ ಹೆಚ್ಚಿದೆ, ಬೆರಳನ್ನೂ ಸ್ವಲ್ಪ ಹೆಚ್ಚಿಕೊಂಡೆ. ಅವಳು ಬಾಗಿಲಲ್ಲಿ ಕೂತು, ಬರೀ ಮೂಗಿನಿಂದ ನನ್ನನ್ನು ನಡೆಸಿದಳು. ಇನ್ನೂ ಹುರಿಯಿರಿ, ಅವರದ್ದು ಇಷ್ಟು ಹಸಿ ಇರಲಿಲ್ಲ. ಬೆಳ್ಳುಳ್ಳಿ ಸಾಕು. ಸೊಪ್ಪು ಈಗ ಬೇಡ, ಅವರು ಕಡೆಗೆ ಹಾಕಿದ್ದು. ಒಮ್ಮೆಯೂ ಕಾಣದ ಇಂದ್ರಾಣಿಯ ಕೈಯನ್ನು ಆ ಹೆಂಗಸು ಅಷ್ಟು ಚೆನ್ನಾಗಿ ಬಲ್ಲಳು. ಅಳಿವೆಯಲ್ಲಿ ಇಳಿತವಾಗಿತ್ತು, ಮೀನು ಯಾವುದೂ ಹಾರುತ್ತಿರಲಿಲ್ಲ. ಹಾರಿದ್ದರೂ ನಾನು ಸ್ಟೌ ಬಿಟ್ಟು ಏಳುತ್ತಿರಲಿಲ್ಲ.

ಸೊಪ್ಪು ಬಿದ್ದ ಮೇಲೆ ಬಂತು. ಅದೇ. ಸೊಗಡು, ಮಸಾಲೆ, ಸಬ್ಬಸಿಗೆ, ಎಲ್ಲ ಒಟ್ಟಿಗೆ ಸೇರಿ ಕೋಣೆ ತುಂಬಿತು. ನಾನು ಸೌಟು ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತೆ. ತಪ್ಪಾಯಿತು ಕಣೇ ಎಂದೆ, ವಾರಿಜಳಿಗೆ ಕೇಳಿಸುವ ಹಾಗೆಯೇ ಎಂದೆ. ಅವಳು ನನ್ನ ಹಾಳೆಯ ಹಿಂಬದಿಯಲ್ಲಿ ಇವತ್ತಿನ ತಿಥಿ ಬರೆದಳು, ಪುಷ್ಯ ಬಹುಳ ತದಿಗೆ. ತಾರೀಕು ಬರೆಯಲಿಲ್ಲ. ತಾನು ಇಲ್ಲಿ ಇದ್ದರೂ ಇಲ್ಲದಿದ್ದರೂ ಹನ್ನೆರಡು ವರ್ಷಕ್ಕೆ ಈ ಮನೆಯವರು ಇದನ್ನು ಮರಳಿ ಮಾಡುತ್ತಾರೆ, ನೀವು ಬರಲು ಆಗದಿದ್ದರೆ ಚಿಂತೆ ಬೇಡ ಎಂದಳು. ನನಗೆ ಈಗ ಅರವತ್ತಾರು.

ಆಮೇಲೆ ಸಾರನ್ನು ಒಲೆಯಿಂದ ಇಳಿಸಿಟ್ಟು, ಆರಲು ಬಿಟ್ಟು, ನಾನೇ ಮತ್ತೆ ಬಿಸಿ ಮಾಡಿದೆ. ಒಂದು ಸಲ, ಇನ್ನೊಂದು ಸಲ, ಮತ್ತೊಂದು ಸಲ. ಕೆಳಗಿನ ಗಡಿಯಾರ ಐದು ಹೊಡೆಯಿತು. ವಾರಿಜ ತಟ್ಟೆಗೆ ಅವರ ಊರಿನ ದಪ್ಪ ಅಕ್ಕಿಯ ಅನ್ನ ಹಾಕಿ, ಸೌಟು ಎತ್ತಿಕೊಂಡು ನನ್ನನ್ನು ನೋಡಿದಳು.

"ಬಡಿಸ್ಲಾ?" ಎಂದಳು.

"ಬಡಿಸಮ್ಮ" ಎಂದೆ. "ತುಂಬಾ ಹಸಿವಾಗಿದೆ."